ಮಲ ಪರೀಕ್ಷೆಯಲ್ಲಿ ಸಿಗದ ಲಾಡಿಹುಳು: ಒಂಬತ್ತನೇ ತರಗತಿಗೆ ಒಂದು ವಿಸ್ತರಣಾ ಪಾಠ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಘಟಕದ ಕೊನೆಗೆ ಶ್ರವಣಾತೀತ ಶಬ್ದದ ಉಪಯೋಗಗಳು ಬರುತ್ತವೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಅಲ್ಲಿ ಸಿಗುವುದು ಕೆಲವೇ ಸಾಲು. ಬೋಧನಾಭ್ಯಾಸದ ಅವಧಿಯಲ್ಲಿ ಸಂಪಾಜೆ ಭಾಗದ ಪ್ರೌಢಶಾಲೆಯೊಂದರಲ್ಲಿ ಆ ಸಾಲುಗಳನ್ನೇ ಹಿಡಿದು, ದೇಹದೊಳಗಿನ ಅಂಗಗಳಲ್ಲಿ ಬೆಳೆಯುವ ಲಾಡಿಹುಳುವಿನ ಕೋಶವನ್ನು ವೈದ್ಯರು ಹೇಗೆ ಪತ್ತೆ ಮಾಡುತ್ತಾರೆ ಎಂಬ ಎರಡು ಅವಧಿಗಳ ಪಾಠ ಮಾಡಿದೆ. ಭೌತವಿಜ್ಞಾನವೂ ಜೀವವಿಜ್ಞಾನವೂ ಒಂದೇ ಪ್ರಶ್ನೆಯಲ್ಲಿ ಕೂಡುವ ಇಂಥ ಜಾಗ ಪಠ್ಯದಲ್ಲಿ ಹೆಚ್ಚಿಲ್ಲ.

ಪೂರ್ವಜ್ಞಾನ ಪರಿಶೀಲನೆಯಲ್ಲಿ ಬಂದ ಉತ್ತರಗಳು ನಿರೀಕ್ಷಿತವೇ. ಲಾಡಿಹುಳು ಉದ್ದವಾಗಿರುತ್ತದೆ, ಕರುಳಿನಲ್ಲಿರುತ್ತದೆ, ಮಲ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಮಾತ್ರೆ ತಿಂದರೆ ಹೋಗುತ್ತದೆ. ಹಂದಿಮಾಂಸದ ಲಾಡಿಹುಳುವಿನ ಮಟ್ಟಿಗೆ ಇದು ಬಹುಪಾಲು ಸರಿ. ಆದರೆ ಎಕಿನೋಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳುವಿಗೆ ಈ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ. ಬೆಳೆದ ಹುಳು ಕೆಲವೇ ಮಿಲಿಮೀಟರ್ ಉದ್ದ, ಅಕ್ಕಿಕಾಳಿಗಿಂತ ದೊಡ್ಡದಲ್ಲ. ಅದು ಇರುವುದು ನಾಯಿಯ ಕರುಳಿನಲ್ಲಿ. ಮೊಟ್ಟೆಗಳು ನಾಯಿಯ ಮಲದೊಂದಿಗೆ ಹೊರಬಂದು ಹುಲ್ಲು, ಮಣ್ಣು, ನೀರು ಸೇರುತ್ತವೆ. ಕುರಿ, ಆಡು, ದನ ಅವನ್ನು ನುಂಗಿದರೆ ಮರಿ ಕರುಳಿನ ಗೋಡೆ ತೂರಿ, ರಕ್ತದೊಡನೆ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿ ನೀರು ತುಂಬಿದ ಕೋಶವಾಗುತ್ತದೆ. ಇದೇ ಹೈಡಾಟಿಡ್ ಕೋಶ. ಸತ್ತ ಪ್ರಾಣಿಯ ಹಸಿ ಯಕೃತ್ತನ್ನು ನಾಯಿ ತಿಂದಾಗ ಚಕ್ರ ಪೂರ್ತಿಯಾಗುತ್ತದೆ. ಮನುಷ್ಯ ಈ ಚಕ್ರದಲ್ಲಿ ಅಡ್ಡಬಂದವನು. ಕುರಿಯ ಜಾಗದಲ್ಲಿ ಅವನು ನಿಲ್ಲುತ್ತಾನೆ, ಹುಳುವಿಗೆ ಅಲ್ಲಿಂದ ಮುಂದೆ ದಾರಿಯಿಲ್ಲ.

ಈ ಚಿತ್ರ ಕಪ್ಪುಹಲಗೆಯ ಮೇಲೆ ಬಂದ ಬಳಿಕ ನಾನು ಕೇಳಿದ್ದು ಒಂದೇ ಪ್ರಶ್ನೆ: ರೋಗಿಯ ಮಲದಲ್ಲಿ ಮೊಟ್ಟೆ ಸಿಕ್ಕೀತೇ? ಮೊಟ್ಟೆ ಇಡಬೇಕಾದ ಹುಳು ಮನುಷ್ಯನ ಕರುಳಿನಲ್ಲಿ ಇಲ್ಲವೇ ಇಲ್ಲ ಎಂದು ಹಿಂದಿನ ಬೆಂಚಿನ ಗುಂಪೊಂದು ತಾನಾಗಿ ತಲುಪಿತು. ಆತಿಥೇಯ, ಮಧ್ಯಂತರ ಆತಿಥೇಯ ಎಂಬ ಪದಗಳನ್ನು ಆಮೇಲೆ ಕೊಟ್ಟೆ. ವ್ಯಾಖ್ಯೆ ಮೊದಲು ಕೊಟ್ಟಿದ್ದರೆ ಅದು ಬಾಯಿಪಾಠವಾಗಿ ಉಳಿಯುತ್ತಿತ್ತು ಎಂದು ನನ್ನ ಅಭಿಪ್ರಾಯ.

ಇಲ್ಲೊಂದು ಸೂಕ್ಷ್ಮವಿದೆ. ‘ಮಾಂಸ ತಿನ್ನುವವರಿಗೆ ಬರುವ ರೋಗ ಇದು’ ಎಂದು ಒಬ್ಬ ಹೇಳಿದ. ಕೆಲವರು ಪಕ್ಕದವರನ್ನು ನೋಡಿ ನಕ್ಕರು. ಊಟದ ಡಬ್ಬಿಯ ಮೇಲೆ ಜಾತಿ ಧರ್ಮ ಗುರುತಿಸುವ ವಯಸ್ಸು ಅದು, ಹಾಗಾಗಿ ಇದನ್ನು ದಾಟಿ ಹೋಗುವಂತಿರಲಿಲ್ಲ. ಚಕ್ರದ ಚಿತ್ರಕ್ಕೇ ಮರಳಿ, ಮನುಷ್ಯನ ಕಡೆಗೆ ಬರುವ ಬಾಣ ಎಲ್ಲಿಂದ ಹೊರಟಿದೆ ನೋಡಲು ಹೇಳಿದೆ. ಬಾಣ ಹೊರಡುವುದು ನಾಯಿಯ ಮಲದಿಂದ. ಕೋಶವಿರುವ ಮಾಂಸ ತಿಂದವನಿಗೆ ಹೈಡಾಟಿಡ್ ಬರುವುದಿಲ್ಲ. ತೊಳೆಯದ ಸೊಪ್ಪು ತಿಂದವನಿಗೆ, ನಾಯಿ ಮುಟ್ಟಿದ ಕೈಯಲ್ಲೇ ಉಂಡವನಿಗೆ ಬರಬಹುದು. ನಗು ನಿಂತಿತು. ‘ನಮ್ಮಲ್ಲಿ ಕುರಿಯೇ ಇಲ್ಲವಲ್ಲ’ ಎಂಬ ಮಾತೂ ಬಂತು. ಈ ಮಳೆಯ ಸೀಮೆಯಲ್ಲಿ ಕುರಿಹಿಂಡು ಅಪರೂಪ ನಿಜ. ದನ, ಆಡು, ನಾಯಿ ಅಪರೂಪವಲ್ಲ. ಭಾರತದಲ್ಲಿ ಆಂಧ್ರ, ತಮಿಳುನಾಡು, ಕಾಶ್ಮೀರಗಳಿಂದ ಹೆಚ್ಚು ಪ್ರಕರಣಗಳು ವರದಿಯಾಗಿವೆ.

ಎರಡನೇ ಅವಧಿ ಪೂರ್ತಿ ಪತ್ತೆಯ ಕುರಿತು. ಕೋಶ ನಿಧಾನ ಬೆಳೆಯುತ್ತದೆ, ವರ್ಷಗಟ್ಟಲೆ ನೋವೇ ಇರುವುದಿಲ್ಲ. ಎಷ್ಟೋ ಬಾರಿ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಣ್ಣಿಗೆ ಬೀಳುತ್ತದೆ. ದ್ರವದೊಳಗಿಂದ ಪ್ರತಿಧ್ವನಿ ಬರದ ಕಾರಣ ಅದು ತೆರೆಯ ಮೇಲೆ ಕಪ್ಪು, ಗೋಡೆ ಬಿಳಿ ಗೆರೆ. ಕೋಶದ ತಳದಲ್ಲಿ ‘ಹೈಡಾಟಿಡ್ ಮರಳು’ ಎಂಬ ಸಣ್ಣ ಕಣಗಳಿರುತ್ತವೆ; ರೋಗಿ ಮಗ್ಗುಲಾದರೆ ಮೇಲೇಳುತ್ತವೆ. ನೀರಿನ ಬಾಟಲಿಗೆ ಒಂದು ಚಮಚ ರವೆ ಹಾಕಿ ಓರೆ ಮಾಡಿ ತೋರಿಸಿದ್ದು ಸಾಕಾಯಿತು. ಕೋಶದೊಳಗೆ ಮರಿಕೋಶಗಳು ತುಂಬಿದರೆ ಚಿತ್ರ ಜೇನಿನ ಎರಿಯಂತೆ. ಇದಕ್ಕೆ ಉಪಕರಣವೇ ಬೇಡ, ಜೇನುಪೆಟ್ಟಿಗೆ ನೋಡಿದ ಮಕ್ಕಳೇ ವಿವರಿಸಿದರು. ಒಳಪದರ ಕಳಚಿ ತೇಲಿದರೆ ನೈದಿಲೆಯ ಎಲೆಯಂತೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಈ ನೋಟಗಳನ್ನು ಸಿಇ1ರಿಂದ ಸಿಇ5ರವರೆಗೆ ವಿಂಗಡಿಸಿದೆ. ಮೊದಲೆರಡು ಸಕ್ರಿಯ, ಮೂರನೆಯದು ಬದಲಾವಣೆಯ ಹಂತ, ಕೊನೆಯ ಎರಡು ನಿಷ್ಕ್ರಿಯ. ಐದರಲ್ಲಿ ಗೋಡೆ ಸುಣ್ಣಗಟ್ಟಿರುತ್ತದೆ. ತೊಂದರೆ ಕೊಡದ ನಿಷ್ಕ್ರಿಯ ಕೋಶವನ್ನು ಮುಟ್ಟದೆ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇರುವುದೂ ಒಂದು ಚಿಕಿತ್ಸಾಕ್ರಮ.

ಶ್ವಾಸಕೋಶದ ಕೋಶಕ್ಕೆ ಅಲ್ಟ್ರಾಸೌಂಡ್ ಯಾಕೆ ಸಾಲದು? ಗಾಳಿಯ ಗಡಿಯಲ್ಲಿ ಶಬ್ದ ಬಹುತೇಕ ಪೂರ್ತಿ ಪ್ರತಿಫಲಿಸಿಬಿಡುತ್ತದೆ. ಹಾಗಾಗಿ ಎಕ್ಸ್‌ರೇ, ಸಿಟಿ. ಶಬ್ದ ಘಟಕದ ಅನ್ವಯ ಪ್ರಶ್ನೆಯಾಗಿ ಇದನ್ನು ಯಾರು ಬೇಕಾದರೂ ಬಳಸಬಹುದು. ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲಿಸಾ ಪರೀಕ್ಷೆ ಸ್ಕ್ಯಾನಿಂಗ್‌ಗೆ ಬೆಂಬಲ ಮಾತ್ರ. ‘ನೆಗೆಟಿವ್’ ಬಂದರೂ ರೋಗ ಇಲ್ಲವೆಂದಲ್ಲ. ಬೇರೆ ಲಾಡಿಹುಳುವಿನ ಸೋಂಕಿದ್ದರೂ ‘ಪಾಸಿಟಿವ್’ ಬಂದೀತು. ಚರ್ಮಕ್ಕೆ ಚುಚ್ಚಿ ನೋಡುವ ಕಸೋನಿ ಪರೀಕ್ಷೆ ಇದೇ ಬಗೆಯ ಅನಿಶ್ಚಿತತೆಯಿಂದ ಬಳಕೆ ತಪ್ಪಿದೆ.

ಸೂಜಿ ಚುಚ್ಚಿ ನೀರು ತೆಗೆದು ನೋಡಿದರೆ ಸುಲಭವಲ್ಲವೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನೀರು ತುಂಬಿದ ಬಲೂನಿಗೆ ಗುಂಡುಸೂಜಿ ತಾಗಿಸಿ ಉತ್ತರ ಕೊಡಬಹುದು. ಕೋಶದ ದ್ರವ ಹೊಟ್ಟೆಯೊಳಗೆ ಸೋರಿದರೆ ಜೀವಕ್ಕೇ ಅಪಾಯವಾಗುವ ತೀವ್ರ ಅಲರ್ಜಿ ಉಂಟಾಗಬಹುದು, ಕಣಗಳು ಚೆಲ್ಲಿದಲ್ಲೆಲ್ಲ ಹೊಸ ಕೋಶ ಹುಟ್ಟಬಹುದು. ಆಯ್ದ ಕೋಶಗಳಲ್ಲಿ, ಔಷಧದ ರಕ್ಷಣೆಯಲ್ಲಿ, ಸ್ಕ್ಯಾನಿಂಗ್ ನೋಡಿಕೊಂಡೇ ಪರಿಣತರು ಸೂಜಿ ಹಾಕುತ್ತಾರೆ.

ತರಗತಿಯ ಅತ್ಯುತ್ತಮ ಪ್ರಶ್ನೆ ಕೊನೆಯ ಐದು ನಿಮಿಷದಲ್ಲಿ ಬಂತು: ‘ಟೀಚರ್, ನಾವು ಶಾಲೆಯಲ್ಲಿ ಹುಳದ ಮಾತ್ರೆ ತಿಂದಿದ್ದೇವಲ್ಲ, ನಮಗೆ ಇದು ಬರ್ಲಿಕ್ಕಿಲ್ಲ ಅಲ್ವಾ?’ 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳು ಜಗಿಯುವುದು 400 ಮಿಲಿಗ್ರಾಂ ಆಲ್ಬೆಂಡಜೋಲ್. ಹೈಡಾಟಿಡ್‌ಗೂ ಕೊಡುವುದು ಅದೇ ಔಷಧ, ಪ್ರಶ್ನೆಯ ತೂಕ ಇರುವುದು ಅಲ್ಲೇ. ಶಾಲೆಯ ಒಂದು ಮಾತ್ರೆಯ ಗುರಿ ಕರುಳಿನ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು. ಅದು ಬಹುಪಾಲು ಕರುಳಿನಲ್ಲೇ ಉಳಿಯುತ್ತದೆ. ಕೋಶದ ಗೋಡೆ ದಾಟಬೇಕಾದರೆ ಕೊಬ್ಬಿನಂಶವಿರುವ ಊಟದೊಂದಿಗೆ ದಿನಕ್ಕೆರಡು ಬಾರಿ, ತಿಂಗಳುಗಟ್ಟಲೆ, ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಾ ತೆಗೆದುಕೊಳ್ಳಬೇಕು. ಆ ಪ್ರಮಾಣವನ್ನು ಬೇಕೆಂದೇ ಹಲಗೆಯ ಮೇಲೆ ಬರೆಯಲಿಲ್ಲ. ಅದು ವೈದ್ಯರ ಲೆಕ್ಕ, ಮಾತ್ರೆಯೋ ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ.

ಮೌಲ್ಯಮಾಪನಕ್ಕೆ ಕೊಟ್ಟ ಲಿಖಿತ ಪ್ರಶ್ನೆ: ‘ಮನೆಯ ನಾಯಿಗೆ ಹುಳದ ಔಷಧ ಕೊಡಿಸಿದರೆ ಚಕ್ರದ ಯಾವ ಬಾಣ ತುಂಡಾಗುತ್ತದೆ? ಕಡಿದ ಪ್ರಾಣಿಯ ಒಳಭಾಗವನ್ನು ಹೂತುಹಾಕಿದರೆ ಯಾವುದು?’ ಹೆಚ್ಚಿನವರು ಎರಡಕ್ಕೂ ಒಂದೇ ಬಾಣ ತೋರಿಸಿದರು. ಮುಂದಿನ ಅವಧಿಯನ್ನು ಅಲ್ಲಿಂದ ಆರಂಭಿಸಬೇಕು.