ಸಬ್ಸಿಡಿ ಬಿಟ್ಟು ಲೆಕ್ಕ ಹಾಕಿ

ಮಾಜಿ ಸೈನಿಕರಿಗೆ, ಬಡಾವಣೆಯ ಬಡವರಿಗೆ ಸರ್ಕಾರ ಧಂದೆ ಮಾಡಲು ಪುಕ್ಕಟೆ ದುಡ್ಡು ಕೊಡುತ್ತದೆ ಎಂಬ ಮಾತು ನಮ್ಮ ಓಣಿಗಳಲ್ಲಿ ಬಹಳ ಓಡಾಡುತ್ತದೆ. ಕೊಡುವುದು ನಿಜ. ಆದರೆ ಅದು ಪುಕ್ಕಟೆ ಅಲ್ಲ, ಮೊದಲ ದಿನವೇ ಕೈಗೆ ಬರುವುದೂ ಇಲ್ಲ. ಈ ಎರಡು ಮಾತು ತಿಳಿಯದೆ ಅರ್ಜಿ ಹಾಕಿದವರು ಸಾಲದಲ್ಲಿ ಸಿಕ್ಕಿಕೊಳ್ಳುತ್ತಾರೆ, ತಿಳಿದು ಹಾಕಿದವರು ದಡ ಸೇರುತ್ತಾರೆ.

ನಾನು ಬೆಳೆದದ್ದು ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಕೊಟ್ಟ ಮನೆಯಲ್ಲಿ. ಸೈನ್ಯದಲ್ಲಿ ವಾಹನ ರಿಪೇರಿ ಕೆಲಸ ಮಾಡಿ, ಪಿಂಚಣಿ ಮೇಲೆ ಊರಿಗೆ ಬಂದು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ ಹಿಡಿದು ಫ್ಯಾಬ್ರಿಕೇಶನ್ ಧಂದೆ ನಡೆಸುತ್ತಿದ್ದೇನೆ. ಗೇಟು, ಗ್ರಿಲ್, ಗೋದಾಮಿನ ರ‍್ಯಾಕು ನಮ್ಮ ಕೆಲಸ. ಅದಕ್ಕೆ ಬುನಾದಿ ಹಾಕಿದ್ದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ. 2008ರಲ್ಲಿ ಶುರುವಾದ ಈ ಯೋಜನೆಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ, ರಾಜ್ಯದ ಖಾದಿ ಮಂಡಳಿ ಹಾಗೂ ಜಿಲ್ಲಾ ಕೈಗಾರಿಕಾ ಕೇಂದ್ರಗಳು ನಡೆಸುತ್ತವೆ. ನಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರ ರಾಯಾಪುರದಲ್ಲಿದೆ. ಉದ್ಯಮಶೀಲತಾ ತರಬೇತಿ ಕೊಡುವ ಸಿಡಾಕ್ ಸಂಸ್ಥೆಯಂತೂ ಬೇಲೂರು ಪ್ರದೇಶದಲ್ಲೇ, ಹೈಕೋರ್ಟ್ ಪೀಠದ ಎದುರಿಗಿದೆ.

2022ರ ಪರಿಷ್ಕರಣೆಯ ನಂತರ ಉತ್ಪಾದನಾ ಘಟಕಕ್ಕೆ ₹50 ಲಕ್ಷ, ಸೇವಾ ಘಟಕಕ್ಕೆ ₹20 ಲಕ್ಷದವರೆಗಿನ ಯೋಜನೆಗೆ ಅರ್ಜಿ ಹಾಕಬಹುದು. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ 15, ಗ್ರಾಮೀಣ ಪ್ರದೇಶದಲ್ಲಿ ಶೇ 25 ಸಬ್ಸಿಡಿ. ಮಾಜಿ ಸೈನಿಕರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಇವರಿಗೆ ನಗರದಲ್ಲಿ ಶೇ 25, ಗ್ರಾಮೀಣದಲ್ಲಿ ಶೇ 35. ಕೈಯಿಂದ ಹಾಕಬೇಕಾದ ಹಣ ಸಾಮಾನ್ಯರಿಗೆ ಶೇ 10, ವಿಶೇಷ ವರ್ಗಕ್ಕೆ ಶೇ 5. ಹಾಗಾಗಿ ಶೆಡ್ ಪಾಲಿಕೆ ವ್ಯಾಪ್ತಿಯಲ್ಲಿದೆಯೋ ಪಂಚಾಯತಿ ವ್ಯಾಪ್ತಿಯಲ್ಲಿದೆಯೋ ಎಂಬುದನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ದಾಖಲೆಯಲ್ಲಿ ನೋಡಿಕೊಳ್ಳಿ. ₹10 ಲಕ್ಷದ ಯೋಜನೆಯಲ್ಲಿ ಈ ಒಂದು ಗಡಿಯಿಂದ ₹1 ಲಕ್ಷ ವ್ಯತ್ಯಾಸವಾಗುತ್ತದೆ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮಾಜಿ ಸೈನಿಕನೊಬ್ಬ ಪಂಚಾಯತಿ ವ್ಯಾಪ್ತಿಯಲ್ಲಿ ₹10 ಲಕ್ಷದ ಘಟಕ ಹಾಕುತ್ತಾನೆ ಎನ್ನಿ. ಅವನು ಹಾಕುವುದು ₹50 ಸಾವಿರ, ಬ್ಯಾಂಕು ಮಂಜೂರು ಮಾಡುವುದು ₹9.5 ಲಕ್ಷ. ಸಬ್ಸಿಡಿ ₹3.5 ಲಕ್ಷ. ಆ ಹಣ ಅವನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವನ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಠೇವಣಿಗೆ ಬಡ್ಡಿ ಇಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷ ಘಟಕ ನಡೆದು, ಸ್ಥಳ ಪರಿಶೀಲನೆ ಮುಗಿದ ಮೇಲೆ ಅದು ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಮುಚ್ಚಿದರೆ ಸಬ್ಸಿಡಿ ಸರ್ಕಾರಕ್ಕೆ ವಾಪಸ್ ಹೋಗಬಹುದು, ಪೂರ್ತಿ ಸಾಲ ತಲೆ ಮೇಲೆ ಬೀಳಬಹುದು.

ಶೇ 11 ಬಡ್ಡಿ, ಐದು ವರ್ಷದ ಅವಧಿ ಎಂದು ಹಿಡಿದರೆ, ಸಬ್ಸಿಡಿ ಕಳೆದು ಉಳಿಯುವ ₹6 ಲಕ್ಷಕ್ಕೆ ತಿಂಗಳ ಕಂತು ಸುಮಾರು ₹13,050. ಸಬ್ಸಿಡಿ ಇಲ್ಲದೆ ಪೂರ್ತಿ ₹9.5 ಲಕ್ಷಕ್ಕೆ ಸುಮಾರು ₹20,650. ನಿಮ್ಮ ಧಂದೆ ಎರಡನೆಯ ಕಂತನ್ನು ಹೊರುವಷ್ಟು ಗಟ್ಟಿ ಇದ್ದರೆ ಮಾತ್ರ ಆ ಗಾತ್ರದ ಯೋಜನೆಗೆ ಕೈಹಾಕಿ. ಮೊದಲನೆಯದನ್ನು ಮಾತ್ರ ಹೊರಬಲ್ಲದಾದರೆ ಯೋಜನೆಯನ್ನೇ ಸಣ್ಣದು ಮಾಡಿ. ನಾನು ದೊಡ್ಡ ಶಿಯರಿಂಗ್ ಮಷಿನ್ ಬಿಟ್ಟು ವೆಲ್ಡಿಂಗ್, ಕಟಿಂಗ್ ಮಷಿನ್‌ಗಳಷ್ಟರಲ್ಲೇ ಯೋಜನಾ ವರದಿ ಮಾಡಿಸಿದ್ದು ಇದೇ ಲೆಕ್ಕದಿಂದ. ಆರ್ಡರ್ ಬಾರದ ತಿಂಗಳಲ್ಲೂ ಕಂತು ತಪ್ಪಲಿಲ್ಲ.

ಇನ್ನು ಕಾಗದಪತ್ರ. ಸೈನಿಕರಿಗೆ ಬೇಕಾದದ್ದು ಡಿಸ್ಚಾರ್ಜ್ ಪುಸ್ತಕ ಮತ್ತು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ಸಿಗುವ ಮಾಜಿ ಸೈನಿಕರ ಗುರುತಿನ ಚೀಟಿ. ನಮ್ಮಲ್ಲಿ ಸೇವಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು ಸೇರಿ ಇನ್ನೊಂದು, ಪಾನ್‌ನಲ್ಲಿ ಮತ್ತೊಂದು. ನನ್ನ ಅರ್ಜಿ ಬ್ಯಾಂಕಿನ ಮೇಜಿನ ಮೇಲೆ ಬಹುಕಾಲ ನಿಂತದ್ದು ಇದಕ್ಕೇ. ಮೂರರಲ್ಲೂ ಅಕ್ಷರ ಅಕ್ಷರ ಹೊಂದಿಸಿಕೊಂಡು ಆಮೇಲೆ ಅರ್ಜಿ ತುಂಬಿ.

ಕೊಳಗೇರಿ ಮಂಡಳಿ ಮನೆಯವರ ದೊಡ್ಡ ಅಂಜಿಕೆ ಬೇರೆ: ‘ಒತ್ತೆ ಇಡಲು ನಮ್ಮ ಹತ್ತಿರ ಏನಿದೆ?’ ನನಗೂ ಒಂದು ಬ್ಯಾಂಕಿನಲ್ಲಿ ಮನೆಯ ಹಕ್ಕುಪತ್ರ ತನ್ನಿ ಎಂದರು. ಸಣ್ಣ ಉದ್ಯಮಗಳಿಗೆ ನಿಗದಿತ ಮಿತಿಯವರೆಗಿನ ಸಾಲಕ್ಕೆ ಆಸ್ತಿ ಒತ್ತೆ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದನ್ನು ಬರವಣಿಗೆಯಲ್ಲಿ ಮುಂದಿಟ್ಟು ವಿನಯದಿಂದ ಕೇಳಿದೆ, ಹಕ್ಕುಪತ್ರದ ಮಾತು ಅಲ್ಲಿಗೇ ನಿಂತಿತು. ನಿಮ್ಮ ತಲೆ ಮೇಲಿನ ಸೂರನ್ನು ಧಂದೆಯ ಸಾಲಕ್ಕೆ ಎಳೆಯಬೇಡಿ.

ನಮ್ಮ ಓಣಿಯ ತಂಗಿಯೊಬ್ಬಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮಷಿನ್‌ನ ಕೊಟೇಶನ್ ಹಿಡಿದು ಶೆಡ್ಡಿಗೆ ಬಂದಳು.

‘ಅಣ್ಣಾ, ಅರ್ಧಾ ರೊಕ್ಕ ಮಾಫಿ ಆಗತೈತಂತ. ದೊಡ್ಡ ಮಷಿನ್ನ ತಗೊಳ್ಳಲೇನು?’

‘ಮದ್ಲ ಹೇಳವಾ, ದಿನಾ ಎಷ್ಟು ರೊಟ್ಟಿ ಹೋಗತಾವ? ಅದ್ರ ಲೆಕ್ಕ ಬರದೀಯೇನು?’

ಬರೆದಿರಲಿಲ್ಲ. ಇಬ್ಬರೂ ಕೂತು ಬರೆದೆವು: ಜೋಳ, ಗಿರಣಿ, ಗ್ಯಾಸು, ಕರೆಂಟು, ಆಟೋ ಬಾಡಿಗೆ, ಉದ್ರಿ ಉಳಿದ ಬಾಕಿ. ಖಾನಾವಳಿಯವರು ಕೊಡಬೇಕಾದ ಬಾಕಿಯೇ ದೊಡ್ಡದಿತ್ತು. ಮಷಿನ್‌ಗಿಂತ ಮೊದಲು ಅವಳಿಗೆ ಬೇಕಾಗಿದ್ದದ್ದು ಜೋಳ ತರಲು ಕೈಯಲ್ಲಿ ಹಣ. ಆಮೇಲೆ ಸಣ್ಣ ಮಷಿನ್, ಜೊತೆಗೆ ದುಡಿಯುವ ಬಂಡವಾಳ ಸೇರಿಸಿ ₹3 ಲಕ್ಷದ ಯೋಜನೆ ಮಾಡಿದೆವು.

ಅವಳು ಹೋದದ್ದು ಪಿಎಂಇಜಿಪಿಗೆ ಅಲ್ಲ. ಅದರ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ, ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಆಹಾರ ತಯಾರಿಸುವವರಿಗೆ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ ಇದೆ. ಈಗಾಗಲೇ ನಡೆಯುತ್ತಿರುವ ಧಂದೆಗೂ ಅದು ಸಿಗುತ್ತದೆ. ಕೇಂದ್ರದ ಸಹಾಯಧನ ಶೇ 35. ಕರ್ನಾಟಕ ಸರ್ಕಾರ ಶೇ 15 ಸೇರಿಸುವುದರಿಂದ ಒಟ್ಟು ಶೇ 50, ಗರಿಷ್ಠ ₹15 ಲಕ್ಷ. ಕೈಯಿಂದ ಶೇ 10 ಹಾಕಬೇಕು. ರಾಜ್ಯದಲ್ಲಿ ಕೆಪೆಕ್ ಎಂಬ ಸರ್ಕಾರಿ ನಿಗಮ ಇದನ್ನು ನೋಡಿಕೊಳ್ಳುತ್ತದೆ. ಇನ್ನೂ ಸಣ್ಣದಾಗಿ ತಳ್ಳುಗಾಡಿ, ಬೀದಿ ವ್ಯಾಪಾರ ಮಾಡುವವರಿಗೆ ಪಿಎಂ ಸ್ವನಿಧಿ ಸಾಲ ಸಾಕು. ಧಂದೆಗೆ ತಕ್ಕ ಯೋಜನೆ ಆರಿಸಿ.

ದುಡಿಯುವ ಬಂಡವಾಳದ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಒಂದು ಷರತ್ತು ಪಿಎಂಇಜಿಪಿಯಲ್ಲಿದೆ. ಮಂಜೂರಾದ ಕ್ಯಾಶ್ ಕ್ರೆಡಿಟ್ ಮಿತಿಯನ್ನು ಮೂರು ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ಬಳಸಿರಬೇಕು, ಒಟ್ಟಾರೆ ಬಳಕೆ ಶೇ 75ಕ್ಕಿಂತ ಕಡಿಮೆ ಇರಬಾರದು. ಸಾಲ ಮುಟ್ಟದೆ ಹಾಗೇ ಇಡುವುದು ಜಾಣತನ ಎಂದು ನಂಬಿದವರ ಸಬ್ಸಿಡಿಗೆ ಇಲ್ಲಿ ಕತ್ತರಿ ಬೀಳುತ್ತದೆ.

ತರಬೇತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ₹5 ಲಕ್ಷ ದಾಟಿದ ಯೋಜನೆಗೆ 10 ದಿನದ ತರಬೇತಿ ಇದೆ. ಬಿಲ್ ಬರೆಯುವುದು, ಜಿಎಸ್‌ಟಿ, ವಸೂಲಿ ನಾನು ಕಲಿತದ್ದು ಅಂಥ ತರಗತಿಯಲ್ಲೇ. ಸೈನ್ಯ ನನಗೆ ಶಿಸ್ತು ಕಲಿಸಿತ್ತು, ಬಾಕಿ ಕೇಳಿ ಪಡೆಯುವುದನ್ನು ಕಲಿಸಿರಲಿಲ್ಲ.

ಕೊನೆಗೊಂದು ಕಳಕಳಿಯ ಮಾತು. ಪಿಎಂಇಜಿಪಿಯ ಆನ್‌ಲೈನ್ ಅರ್ಜಿಗೆ ಶುಲ್ಕವಿಲ್ಲ, ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿಗೂ ಇಲ್ಲ. ‘ಸಬ್ಸಿಡಿ ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ’ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ಮುನ್ನ ರಾಯಾಪುರದ ಕಚೇರಿಗೆ ನೀವೇ ಹೋಗಿ ಕೇಳಿ. ಯೋಜನಾ ವರದಿಯನ್ನು ಯಾರೇ ಟೈಪ್ ಮಾಡಿಕೊಡಲಿ, ಅದರ ಒಂದೊಂದು ಅಂಕಿಯೂ ನಿಮ್ಮ ಲೆಕ್ಕದ ಪುಸ್ತಕದಿಂದಲೇ ಬಂದಿರಲಿ. ಸಬ್ಸಿಡಿ ಇಲ್ಲದೆಯೂ ನಿಲ್ಲಬಲ್ಲ ಧಂದೆಗೆ ಮಾತ್ರ ಸಬ್ಸಿಡಿ ಕೇಳಿ.