ಕಬ್ಬಿನ ಬಿಲ್ಲು, ಕಂತಿನ ತಾರೀಕು

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಯ ಹೊಳೆದಂಡೆಯಲ್ಲಿ ಕಬ್ಬು ನಿಂತಲ್ಲೇ ಕೊಳೆಯಿತು. ನಮ್ಮದೂ ಹೋಯಿತು. ಟ್ರ್ಯಾಕ್ಟರ್ ಸಾಲದ ಕಂತು ನಿಂತಿತು, ಸಾಲ ತೀರಿಸುವ ನಡವಳಿಕೆ ತೋರಿಸುವ ಸಿಬಿಲ್ ಅಂಕ ಬಿತ್ತು. ಆಮೇಲೆ ಬಾಕಿಯನ್ನು ಪೂರ್ತಿ ತೀರಿಸಿ, ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ (ಕಡಿಮೆ ಕಟ್ಟಿ ಮುಗಿಸಿದ್ದು) ಎಂದು ಬರದೆ ‘ಕ್ಲೋಸ್ಡ್’ ಎಂದೇ ಬರುವಂತೆ ನೋಡಿಕೊಂಡೆ. ನಿಧಾನಕ್ಕೆ ಅಂಕ 750 ದಾಟಿತು. ಹೇಗೆ ಏರಿಸಿದಿ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ಉಳಿಸಿಕೊಂಡಿ ಎಂದು ಕೇಳುವವರು ಕಡಿಮೆ.

ನಮ್ಮ ಕಡೆ ದುಡ್ಡು ಬರುವ ತಾರೀಕಿಗೂ ಕಂತಿನ ತಾರೀಕಿಗೂ ಹೊಂದಿಕೆಯೇ ಇಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ಲಿನ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆದರೂ ಬಿಲ್ಲಿಗಾಗಿ ಕಾಯದ ರೈತ ನಮ್ಮಲ್ಲಿ ಸಿಗುವುದಿಲ್ಲ. ಬಿಲ್ಲು ತಡವಾದದ್ದು ಯಾವ ವರದಿಯಲ್ಲೂ ಬರುವುದಿಲ್ಲ. ಕಂತು ತಡವಾದದ್ದು ಮಾತ್ರ 36 ತಿಂಗಳು ತಿಂಗಳುವಾರು ಕಾಣುತ್ತಲೇ ಇರುತ್ತದೆ. 2025ರ ಜನವರಿಯಲ್ಲಿ ಬ್ಯಾಂಕಿನವರು ಸಿಬಿಲ್‌ಗೆ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮವೂ ಬಂತು.

ಅದಕ್ಕೇ ಮೊದಲ ಬಿಲ್ಲು ಜಮೆಯಾದ ದಿನವೇ ಮುಂದಿನ ಕಂತಿನ ಹಣವನ್ನು ಬೇರೆ ಖಾತೆಗೆ ಹಾಕುತ್ತೇನೆ. ಮದುವೆ ಬರಲಿ, ಜಾತ್ರೆ ಬರಲಿ, ಅದನ್ನು ಮುಟ್ಟುವುದಿಲ್ಲ. ಹೊಸ ಟ್ರ್ಯಾಕ್ಟರ್ ಸಾಲಕ್ಕೆ ತಿಂಗಳ ಕಂತು ಬೇಡವೆಂದು ಹಟ ಹಿಡಿದು ಆರು ತಿಂಗಳ ಕಂತು ಬರೆಸಿದೆ. ವರ್ಷಕ್ಕೊಮ್ಮೆ ಸಿಗುವ ಪುಕ್ಕಟೆ ವರದಿಯನ್ನು ತೆಗೆಸಿ ನೋಡುತ್ತೇನೆ. ತೀರಿದ ಸಾಲ ಅದರಲ್ಲಿ ಇನ್ನೂ ಬಾಕಿ ಎಂದಿದ್ದರೆ ದೂರು ಕೊಡಬಹುದು; 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಮಗಿದೆ.

ಎಲ್ಲಕ್ಕಿಂತ ಬಿಗಿ ಜಾಮೀನಿನದು. ಸಹಿ ಹಾಕಿದ ಸಾಲ ನನ್ನ ವರದಿಯಲ್ಲೂ ಬಂದು ಕೂರುತ್ತದೆ. ಸಾಲ ಪಡೆದವರು ಕಂತು ತಪ್ಪಿಸಿದರೆ ನನ್ನ ಅಂಕವೂ ಇಳಿಯುತ್ತದೆ. ಆದರೆ ನೆರೆ ಬಂದಾಗ ನಮ್ಮ ದನಗಳನ್ನು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಂಡವರು ಬಂದು ‘ಒಂದು ಸಹಿ ಹಾಕೋ’ ಅಂದರೆ ಹೇಗೆ ಇಲ್ಲ ಅನ್ನಲಿ? ಹಾಗೆ ಸಹಿ ಕೇಳಿ ಬಂದ ಭಾವಮೈದುನನಿಗೆ ನೇರವಾಗಿ ಹೇಳಿದೆ: ‘ಹಾಕತೀನಿ. ಆದ್ರ ಕಂತಿನ ತಾರೀಕು ನನಗೂ ಗೊತ್ತಿರಬೇಕು. ವಾರ ಮೊದಲ ಕೇಳತೀನಿ, ಸಿಟ್ಟಾಗಬಾರದು.’ ಅವನು ಮುಖ ಗಂಟಿಕ್ಕಿಕೊಂಡು ಎದ್ದುಹೋದ. ಮರುದಿನ ಸಾಲದ ಕಾಗದದ ಝೆರಾಕ್ಸ್ ತಂದು ನನ್ನ ಕೈಗಿಟ್ಟ. ಅದನ್ನು ಓದಿಯೇ ಸಹಿ ಹಾಕಿದೆ.