ಆಪರೇಷನ್ ಆದ ನಾಯಿಗೆ ಹೊಟ್ಟೆ ಕೆಟ್ಟರೆ

ನೋಡಮ್ಮಾ, ರಾಣಿಗೆ ಸಂತಾನಹರಣದ ಆಪರೇಷನ್ ಮಾಡಿಸಿ ಮನೆಗೆ ಕರಕೊಂಡು ಬಂದ ಮೇಲೆ ಭೇದಿ ಹಿಡಿದಿದೆ ಅಂತ ಗಾಬರಿಯಿಂದ ಫೋನ್ ಮಾಡಿದ್ದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ರಾಣಿ ಎದ್ದು ಓಡಾಡುತ್ತಿದೆ, ನಿನ್ನ ದನಿ ಕೇಳಿದರೆ ಬಾಲ ಆಡಿಸುತ್ತದೆ ಅಂದೆ. ಹಾಗಿದ್ದರೆ ಒಂದೆರಡು ಸಲ ತೆಳ್ಳಗೆ ಹೋಯಿತೆಂದು ಕಂಗೆಡಬೇಡ. ಹಿಂದಿನ ರಾತ್ರಿಯ ಉಪವಾಸ, ಅರಿವಳಿಕೆ ಮದ್ದು, ಆಸ್ಪತ್ರೆಯಲ್ಲಿ ಪಟ್ಟ ಭಯ, ಇವುಗಳ ಮೇಲೆ ಆಂಟಿಬಯಾಟಿಕ್. ಇಷ್ಟೂ ಒಟ್ಟಿಗೆ ಬಿದ್ದಾಗ ಎಂಥ ಗಟ್ಟಿ ನಾಯಿಗೂ ಹೊಟ್ಟೆ ಕೆಡಬಹುದು. ಹೆದರಿದ ನಾಯಿ ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ, ಲೋಳೆ ಲೋಳೆಯಾಗಿ ಹೋಗುವುದುಂಟು. ಕೆಲವಕ್ಕೆ ಇದಕ್ಕೆ ತದ್ವಿರುದ್ಧ, ಎರಡು ಮೂರು ದಿನ ಮಲವೇ ಆಗುವುದಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದಿರುವಾಗ ಬರುವುದಾದರೂ ಏನು?

ನನಗೆ ಹೆಚ್ಚು ಚಿಂತೆಯಾದದ್ದು ನೀವು ಅದಕ್ಕೆ ತಿನ್ನಿಸುತ್ತಿರುವುದನ್ನು ಕೇಳಿ. ಪಾಪ, ಬಡವಾಗಿದೆ ಅಂತ ನಿಮ್ಮತ್ತೆ ತುಪ್ಪ ಕಲಸಿದ ಅನ್ನ, ಹಾಲು, ಕಾಲು ಸೂಪು ಎಲ್ಲ ಇಡುತ್ತಿದ್ದಾರಂತೆ. ಬಾಣಂತಿಗೆ ಮಾಡುವ ಉಪಚಾರ ಅದು. ಅವರ ಅಕ್ಕರೆ ದೊಡ್ಡದು, ಅವರ ಮನಸ್ಸಿಗೆ ನೋವಾಗದ ಹಾಗೆ ತಿಳಿಸಿ ಹೇಳು. ಜಿಡ್ಡು ಈಗ ರಾಣಿಯ ಹೊಟ್ಟೆಗೆ ಒಗ್ಗುವುದಿಲ್ಲ. ದೊಡ್ಡ ನಾಯಿಗಳಲ್ಲಿ ಎಷ್ಟಕ್ಕೋ ಹಾಲೇ ಜೀರ್ಣವಾಗುವುದಿಲ್ಲ, ಭೇದಿ ಇನ್ನೂ ಹೆಚ್ಚುತ್ತದೆ. ಸೂಪಿಗೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದಿದ್ದರಂತೂ ಅದು ನಾಯಿಗೆ ವಿಷ, ರಕ್ತದ ಕೆಂಪು ಕಣಗಳನ್ನೇ ಹಾಳು ಮಾಡುತ್ತದೆ.

ಅಕ್ಕಿಯನ್ನು ಕೈಯಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಮೆತ್ತಗೆ ಬೇಯಿಸು. ಚರ್ಮ, ಮೂಳೆ ತೆಗೆದ ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಿ, ಮೇಲೆ ತೇಲುವ ಜಿಡ್ಡನ್ನು ಚೆಲ್ಲಿ, ಎಳೆ ಎಳೆಯಾಗಿ ಬಿಡಿಸು. ಎರಡು ಪಾಲು ಅನ್ನಕ್ಕೆ ಒಂದು ಪಾಲು ಕೋಳಿ. ಉಪ್ಪು, ಎಣ್ಣೆ, ಅರಿಶಿನ ಏನೂ ಬೇಡ. ಕೋಳಿ ಇಲ್ಲದ ದಿನ ಬೇಯಿಸಿದ ಮೊಟ್ಟೆಯ ಬಿಳಿ ಸಾಕು. ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ ಸೇರಿಸಿದರೆ ಮಲ ಕಟ್ಟಲು ಒಳ್ಳೆಯದು. ದಿನಾ ತಿನ್ನುತ್ತಿದ್ದ ರಾಗಿಮುದ್ದೆ ಸದ್ಯಕ್ಕೆ ಬೇಡ. ಒಂದೇ ಸಲ ತಟ್ಟೆ ತುಂಬ ಬಡಿಸದೆ, ಅಷ್ಟನ್ನೇ ನಾಲ್ಕೈದು ಸಲಕ್ಕೆ ಹಂಚಿ ಹಾಕು. ಮಲ ಗಟ್ಟಿಯಾದ ಮೇಲೂ ಆತುರಪಡಬೇಡ, ಮೂರು ನಾಲ್ಕು ದಿನಗಳಲ್ಲಿ ಹಳೆಯ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಬಾ. ಹೊಟ್ಟೆ ಕೆಟ್ಟಾಗ ಇಡೀ ದಿನ ಉಪವಾಸ ಕೆಡವುವ ಹಳೇ ರೂಢಿ ಒಂದಿದೆ. ಮಾತ್ರೆ ನುಂಗುತ್ತಿರುವ, ಗಾಯ ಮಾಯಬೇಕಾದ ನಾಯಿಗೆ ಡಾಕ್ಟರನ್ನು ಕೇಳದೆ ಅದನ್ನು ಮಾಡಬಾರದು.

ಇನ್ನು ಮಾತ್ರೆಯ ವಿಷಯ, ಇದನ್ನು ಎರಡು ಸಲ ಓದು. ನೋವಿಗೆ ಮೆಲಾಕ್ಸಿಕಾಮ್ ಕೊಟ್ಟಿದ್ದಾರೆ ಅಂದೆ. ಒಳ್ಳೆಯ ಔಷಧಿ. ಆದರೆ ಜಠರದ ಒಳಪದರವನ್ನು ಕಾಯುವ ರಸಗಳನ್ನೂ ಅದು ಕಡಿಮೆ ಮಾಡುತ್ತದೆ. ಅದಕ್ಕೇ ಊಟದ ಜೊತೆ ಕೊಡು ಅನ್ನುವುದು. ಬೆಳಿಗ್ಗೆ ಆಫೀಸಿಗೆ ಹೊರಡುವ ಅವಸರದಲ್ಲಿ ಖಾಲಿ ಹೊಟ್ಟೆಗೆ ಹಾಕಬೇಡ. ರಾಣಿ ತಿನ್ನಲು ಒಪ್ಪದಿದ್ದರೆ, ವಾಂತಿ ಮಾಡುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಮುಂದಿನ ಡೋಸ್ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಲೇಬೇಕು. ಆ ಕಪ್ಪು, ಜಠರದಲ್ಲಿ ಒಸರಿದ ರಕ್ತದ್ದಿರಬಹುದು. ಆಂಟಿಬಯಾಟಿಕ್ಕಿನಿಂದಲೇ ಭೇದಿ ಅಂತ ಅನುಮಾನ ಬಂದರೂ ನೀನಾಗಿ ನಿಲ್ಲಿಸಬೇಡ. ಬೇರೆಯದಕ್ಕೆ ಬದಲಿಸುವುದೋ ಬಿಡುವುದೋ ಅವರೇ ಹೇಳಲಿ. ಮನೆಯ ಮಾತ್ರೆ ಡಬ್ಬಿಯ ಕಡೆ ಮಾತ್ರ ಕೈ ಹೋಗಕೂಡದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಯ ಜೀವಕ್ಕೇ ಮುಳುವಾಗಬಹುದು. ನಾವು ಭೇದಿಗೆ ನುಂಗುವ ಲೋಪೆರಮೈಡ್ ಕೂಡ ಕೆಲವು ತಳಿಗಳಿಗೆ, ಮುಖ್ಯವಾಗಿ ಕಾಲಿ ಜಾತಿಯವಕ್ಕೆ, ಮಿದುಳಿಗೇರುತ್ತದೆ.

ನೀರನ್ನು ಆಗಾಗ ಸ್ವಲ್ಪ ಸ್ವಲ್ಪ ಇಡು, ಒಮ್ಮೆಲೇ ಗಟಗಟ ಕುಡಿದರೆ ಅದೂ ವಾಂತಿಯಾಗಿ ಬರುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಅಂತ ನೋಡಲು ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು, ಒಸಡು ಒದ್ದೆಯಾಗಿರಬೇಕು. ಬೆರಳಿಗೆ ಅಂಟಿದಂತಾದರೆ ನೀರು ಸಾಲುತ್ತಿಲ್ಲ. ಒಸಡು ಬಿಳುಚಿಕೊಂಡು ನಾಯಿ ಮಂಕಾಗಿ ಬಿದ್ದಿದ್ದರೆ ಅದು ಬರೀ ಹೊಟ್ಟೆಯ ತೊಂದರೆಯಲ್ಲ. ಈ ಆಪರೇಷನ್ ಆದ ಮೇಲೆ ಒಳಗೆ ರಕ್ತ ಸೋರುತ್ತಿದ್ದರೂ ಹೀಗೆಯೇ ಕಾಣುತ್ತದೆ. ಆಗ ರಾತ್ರಿ ಎಷ್ಟು ಹೊತ್ತಾಗಿದ್ದರೂ ಹೊರಟುಬಿಡು. ವಾಂತಿ ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಬಂದರೆ, ಹೊಟ್ಟೆ ಉಬ್ಬಿ ಬಿಗಿದುಕೊಂಡರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕೂಡ ಹೀಗೆಯೇ. ಹೆದರಬೇಡ, ನಾಯಿಯ ಮೈ ಸಹಜವಾಗಿಯೇ ನಮಗಿಂತ ಬಿಸಿ, 101ರಿಂದ 102.5ರವರೆಗೆ ಇದ್ದರೆ ಅದು ಜ್ವರವಲ್ಲ.

ಭೇದಿಯಾದಾಗ ಹಿಂಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸು, ಹೊಲಿಗೆಗೆ ನೀರು ತಾಗದಿರಲಿ. ಮಲಗುವ ಗೋಣಿ, ಚಾದರ ಒದ್ದೆಯಾದರೆ ಆಗಲೇ ಬದಲಾಯಿಸು. ಕುತ್ತಿಗೆಯ ಕೋನ್ ಕಂಡರೆ ಪಾಪ ಅನ್ನಿಸುತ್ತದೆ, ಆದರೂ ತೆಗೆಯಬೇಡ. ಕೊಳೆಯಾದ ಬಾಲ ನೆಕ್ಕಿದ ನಾಲಿಗೆಯಲ್ಲೇ ಅದು ಗಾಯವನ್ನೂ ನೆಕ್ಕುತ್ತದೆ. ವಾಂತಿಗೆ ಮುಕ್ಕಿರಿದಾಗೆಲ್ಲ ಹೊಟ್ಟೆಯ ಹೊಲಿಗೆ ಜಗ್ಗುತ್ತದೆ, ಹಾಗಾಗಿ ದಿನಕ್ಕೆರಡು ಸಲ ಅಂಗಾತ ಮಲಗಿಸಿ ಬೆಳಕಿನಲ್ಲಿ ನೋಡು: ಕೆಂಪಗಾಗಿದೆಯೇ, ಊದಿದೆಯೇ, ಒಸರುತ್ತಿದೆಯೇ ಅಂತ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಏನು ತಿಂದಿತು, ಎಷ್ಟು ಸಲ ಹೋಯಿತು, ಯಾವ ಬಣ್ಣ ಅಂತ ಬರೆಯುತ್ತಾ ಹೋಗು. ಮಲದ ಫೋಟೋ ಹಿಡಿದುಕೊಳ್ಳಲು ಸಂಕೋಚಪಡಬೇಡ, ಡಾಕ್ಟರಿಗೆ ನಿನ್ನ ವರ್ಣನೆಗಿಂತ ಅದೇ ಉಪಯೋಗಕ್ಕೆ ಬರುತ್ತದೆ. ಈ ರಾತ್ರಿ ರಾಣಿ ತಿಂದಿತೋ ಇಲ್ಲವೋ ಅಂತ ನನಗೊಂದು ಮೆಸೇಜ್ ಹಾಕು, ಎಚ್ಚರವಾಗಿಯೇ ಇರುತ್ತೇನೆ.